ಬೋರ್ ಮಾಡಿಸಿದ ಗಾಡಿಗೆ ಸಾವಿರ ಕಿಲೋಮೀಟರಿನ ಪಥ್ಯ

‘ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದೀನಿ ಸಾರ್, ಇನ್ನು ಹೊಸ ಗಾಡಿ ಇದ್ದ ಹಾಗೆ.’

ಮೆಕ್ಯಾನಿಕ್ ಹೀಗೆ ಹೇಳಿ ಕೀ ಕೊಡುವ ಗಳಿಗೆಯಲ್ಲೇ ಅಪಾಯ ಶುರುವಾಗುತ್ತದೆ. ಮಗನಿಗೆ ರಿಂಗ್ ರೋಡಿನಲ್ಲಿ ಒಮ್ಮೆ ಪೂರ್ತಿ ತಿರುಚಿ ನೋಡುವ ಆಸೆ. ಖರ್ಚಾದ ಹಣ ನೆನೆದು ಅಪ್ಪನಿಗೆ ಗಾಡಿಯನ್ನು ಆಮೆಯಂತೆ ಓಡಿಸುವ ಜಾಗ್ರತೆ. ತಮಾಷೆಯೆಂದರೆ, ಇಂಜಿನ್ ಹಾಳುಮಾಡುವುದರಲ್ಲಿ ಇಬ್ಬರೂ ಸಮಾನರು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳು ಇನ್ನೂ ಎಷ್ಟೋ ಮನೆಗಳ ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತಿವೆ. ಕಾಲೇಜು ಸೇರಿದ ಮಗ ಅದನ್ನು ಹೊರಗೆಳೆದು ‘ರೆಡಿ ಮಾಡಿಸೋಣಪ್ಪ’ ಎನ್ನುತ್ತಾನೆ. (ಗೇರ್ ಇರುವ ಗಾಡಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ ಎಂಬುದನ್ನು ಇಬ್ಬರೂ ನೆನಪಿಡಬೇಕು.) ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂದವಾದರೂ ಅವು ಬೇರೆಯೇ ಗಾಡಿಗಳು, ಫೋರ್ ಸ್ಟ್ರೋಕ್. ಇಲ್ಲಿನ ಮಾತು ಹಳೆಯ ಟೂ ಸ್ಟ್ರೋಕ್ ಯೆಜ್ಡಿಯದು.

ಸವೆದ ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಕೊರೆಸಿ, ಕಾಲು ಅಥವಾ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಕೊರೆದ ಮೇಲೆ ಹೋನಿಂಗ್. ಅಂದರೆ ಒಳಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಸಣ್ಣ ಗೀರುಗಳನ್ನು ಬೇಕೆಂದೇ ಎಳೆಯುವುದು. ಆ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಅವುಗಳ ಚೂಪು ತುದಿಗಳೂ ಹೊಸ ರಿಂಗಿನ ಅಂಚೂ ಪರಸ್ಪರ ತಿಕ್ಕಿ, ಒಂದು ಇನ್ನೊಂದರ ಆಕಾರಕ್ಕೆ ಒಗ್ಗಬೇಕು. ಗ್ಯಾರೇಜಿನ ಭಾಷೆಯಲ್ಲಿ, ರಿಂಗ್ ‘ಕೂರಬೇಕು’.

ಮಗನ ದಾರಿ ಏಕೆ ತಪ್ಪು? ಯೆಜ್ಡಿಯ ಪಿಸ್ಟನ್ ಸುಮಾರು 65 ಮಿ.ಮೀ. ಅಗಲದ ಅಲ್ಯೂಮಿನಿಯಂ ಮಿಶ್ರಲೋಹ. ಅದು ಓಡಾಡುವ ಗೋಡೆ ಬೀಡುಕಬ್ಬಿಣ. ಕಾದಾಗ ಅಲ್ಯೂಮಿನಿಯಂ ಬೀಡಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಪ್ರತಿ 100 ಡಿಗ್ರಿಗೆ ಪಿಸ್ಟನ್ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪವಾಗುತ್ತದೆ ಎನ್ನಿ. ಹೊಸ ಜೋಡಿಯಲ್ಲಿ ಸಂದು ಕಡಿಮೆ, ತಿಕ್ಕಾಟ ಹೆಚ್ಚು, ಶಾಖವೂ ಹೆಚ್ಚು. ಪೂರ್ತಿ ತಿರುಚಿದರೆ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದೇ ಇಂಜಿನ್ ಸೀಜ್ ಆಗುವುದು. ಹೋಗುವುದು ದುಡ್ಡು ಮಾತ್ರವಲ್ಲ. ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಂಡು ಸವಾರ ಬೀಳಬಹುದು. ಅದಕ್ಕೇ ಹೊಸ ಬೋರಿನ ಗಾಡಿಯಲ್ಲಿ ಎಡಗೈ ಬೆರಳು ಸದಾ ಕ್ಲಚ್ಚಿನ ಮೇಲಿರಬೇಕು. ಇಂಜಿನ್ ಬಿಗಿಯುತ್ತಿದೆ, ವೇಗ ತಾನಾಗಿಯೇ ಇಳಿಯುತ್ತಿದೆ ಎನಿಸಿದ ಕೂಡಲೇ ಕ್ಲಚ್ ಒತ್ತಿ ಬದಿಗೆ ತಂದು, ತಣ್ಣಗಾಗುವವರೆಗೆ ಕಿಕ್ಕರ್ ಮುಟ್ಟಬಾರದು.

ಇನ್ನು ಅಪ್ಪನ ದಾರಿ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿ ಮಾತ್ರವಲ್ಲ, ಸಿಲಿಂಡರಿನೊಳಗೆ ಉರಿದ ಅನಿಲದ ಒತ್ತಡವೂ ಹೌದು. ಇಂಜಿನ್‌ಗೆ ಕೆಲಸವನ್ನೇ ಕೊಡದಿದ್ದರೆ ಆ ಒತ್ತಡ ಹುಟ್ಟುವುದಿಲ್ಲ. ರಿಂಗ್ ಕೂರುವ ಮೊದಲೇ ಗೋಡೆ ಕನ್ನಡಿಯಂತೆ ನುಣುಪಾಗಿ ಕುಳಿತುಬಿಡುತ್ತದೆ. ಆಮೇಲೆ ಎಷ್ಟು ಓಡಿಸಿದರೂ ಅದು ಸರಿಹೋಗುವುದಿಲ್ಲ. ಟಾಪ್ ಗೇರಿನಲ್ಲಿ ಗುಡುಗುಡು ಎನಿಸುತ್ತಾ ಏರು ಹತ್ತಿಸುವುದಂತೂ ಇನ್ನೂ ಕೆಟ್ಟದ್ದು.

ಹಾಗಾದರೆ ನಡುವಿನ ದಾರಿ? ಮೊದಲ ಕೆಲವು ನೂರು ಕಿ.ಮೀ. ಅರ್ಧಕ್ಕಿಂತ ಹೆಚ್ಚು ತಿರುಚದೆ, ಆದರೆ ವೇಗವನ್ನು ಆಗಾಗ ಏರಿಸಿ ಇಳಿಸುತ್ತಾ ಓಡಿಸಬೇಕು. ಒಂದೇ ವೇಗದಲ್ಲಿ ಹೆದ್ದಾರಿಯ ಉದ್ದಕ್ಕೂ ಹೋಗುವುದು ಬೇಡ. ಹಿಂದೆ ಯಾರನ್ನೂ ಕೂರಿಸುವುದೂ ಬೇಡ. 15–20 ಕಿ.ಮೀ.ಗೊಮ್ಮೆ ನಿಲ್ಲಿಸಿ ಟೀ ಕುಡಿದರೆ ಇಬ್ಬರಿಗೂ ಒಳ್ಳೆಯದು. ಸಾವಿರ ಕಿ.ಮೀ. ಆಗುವವರೆಗೆ ಸ್ವಲ್ಪ ಸ್ವಲ್ಪವೇ ಸಲುಗೆ ಕೊಡುತ್ತಾ ಹೋಗಬಹುದು. ಟೂ ಸ್ಟ್ರೋಕ್‌ನಲ್ಲಿ ಎಣ್ಣೆ ಬರುವುದು ಪೆಟ್ರೋಲಿನ ಜತೆಗೇ. ಆದ್ದರಿಂದ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಜಾರಿದರೆ, ಇಂಜಿನ್ ಜೋರಾಗಿ ತಿರುಗುತ್ತಿದ್ದರೂ ಎಣ್ಣೆ ಸಿಗುವುದಿಲ್ಲ. ನಡುನಡುವೆ ಸ್ವಲ್ಪ ತಿರುಚುತ್ತಿರಬೇಕು. ಎಣ್ಣೆಯ ಪ್ರಮಾಣ 1:20 ಎಂದರೆ ಲೀಟರಿಗೆ 50 ಮಿ.ಲೀ. ಅಳತೆ ಲೋಟದಲ್ಲೇ ಹಾಕಬೇಕು, ಅಂದಾಜಿನಲ್ಲಲ್ಲ.

ಇಷ್ಟೆಲ್ಲ ಆದ ಮೇಲೂ ಒಳಗೆ ರಿಂಗ್ ಕೂತಿದೆಯೇ ಎಂದು ತಿಳಿಯುವುದು ಹೇಗೆ? ಕಿಕ್ಕರ್ ಮೇಲೆ ಕಾಲಿಟ್ಟು ‘ಕಂಪ್ರೆಷನ್ ಚೆನ್ನಾಗಿದೆ’ ಎನ್ನುವವರು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತಾರೆ. ಪಳಗಿದ ಕಾಲಿಗೆ ಬೆಲೆಯಿದೆ, ನಿಜ. ಆದರೆ ಕಾಲಿನ ಅಂದಾಜನ್ನು ಬರೆದಿಟ್ಟು ಮುಂದಿನ ತಿಂಗಳಿನದಕ್ಕೆ ಹೋಲಿಸಲಾಗದು. ಅದಕ್ಕೆ ಕಂಪ್ರೆಷನ್ ಗೇಜ್ ಬೇಕು.

ಇಂಜಿನ್ ಬಿಸಿ ಮಾಡಿ ನಿಲ್ಲಿಸಿ, ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ ಅದೇ ತೂತಿಗೆ ಗೇಜ್ ತಿರುಗಿಸಬೇಕು. ಪ್ಲಗ್ಗನ್ನು ಅದರ ಕ್ಯಾಪಿಗೇ ಸಿಕ್ಕಿಸಿ, ತೂತಿನಿಂದ ದೂರ, ಇಂಜಿನ್ ಲೋಹಕ್ಕೆ ತಾಗಿಸಿಡಬೇಕು. ಆಮೇಲೆ ಆಕ್ಸಿಲರೇಟರ್ ಪೂರ್ತಿ ತೆರೆದು ಮುಳ್ಳು ಏರುವುದು ನಿಲ್ಲುವ ತನಕ ಐದಾರು ಬಾರಿ ಬಲವಾಗಿ ಕಿಕ್ ಹೊಡೆಯಬೇಕು. ಆಕ್ಸಿಲರೇಟರ್ ತೆರೆಯುವುದನ್ನು ಮರೆತರೆ ಒಳಗೆ ಗಾಳಿಯೇ ಹೋಗದೆ, ಗಟ್ಟಿಮುಟ್ಟಾದ ಇಂಜಿನ್ ಕೂಡ ರೋಗಿಯಂತೆ ಕಾಣುತ್ತದೆ.

ಪಿಯುಸಿ ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕವಿದೆ. 9ಕ್ಕೆ 1 ಅನುಪಾತದ ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಬಾಯ್ಲನ ನಿಯಮದಂತೆ ಗೇಜ್ ಸುಮಾರು 118 ಪಿಎಸ್‌ಐ ತೋರಿಸಬೇಕು. ಒಳ್ಳೆಯ ಇಂಜಿನ್ ಅದನ್ನು ಮೀರುತ್ತದೆ. ಬಾಯ್ಲನ ನಿಯಮಕ್ಕೆ ಉಷ್ಣತೆ ಬದಲಾಗಬಾರದು. ಆದರೆ ಥಟ್ಟನೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ. ಮಂಗಳೂರಿನಲ್ಲಿ 120 ತೋರಿಸಿದ ಗಾಡಿ ಬೆಂಗಳೂರಿನಲ್ಲಿ 108 ತೋರಿಸಿದರೆ ಮೆಕ್ಯಾನಿಕನನ್ನು ಬೈಯಬೇಕಾಗಿಲ್ಲ.

ಹೊಸ ಬೋರಿನ ಮೊದಲ ದಿನದ ಅಂಕಿ ಕಡಿಮೆಯೇ ಇರಬಹುದು. ರಿಂಗ್ ಕೂರುತ್ತಾ ಬಂದಂತೆ ಅದು ಏರುತ್ತದೆ. 500 ಕಿ.ಮೀ.ಗೂ ಏರದಿದ್ದರೆ, ಅಥವಾ ಏರಿದ್ದು ಇಳಿಯತೊಡಗಿದರೆ ಅನುಮಾನ ಪಡಬೇಕು. ಫೋರ್ ಸ್ಟ್ರೋಕ್ ಆದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಜಿಗಿದರೆ ದೋಷ ರಿಂಗಿನದು. ಅಲುಗದಿದ್ದರೆ ವಾಲ್ವಿನದೋ ಹೆಡ್ ಗ್ಯಾಸ್ಕೆಟ್‌ನದೋ. ಯೆಜ್ಡಿಗೆ ವಾಲ್ವೇ ಇಲ್ಲದ್ದರಿಂದ ರಿಂಗು, ಬೋರು, ಗ್ಯಾಸ್ಕೆಟ್ ಇಷ್ಟನ್ನೇ ನೋಡಿದರಾಯಿತು. ಆದರೆ ಅದರ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದ್ದರೆ ಈ ಗೇಜ್ ಹೇಳುವುದಿಲ್ಲ. ಅಂಕಿ ಚೆನ್ನಾಗಿದ್ದೂ ಗಾಡಿ ಮೊಂಡು ಹಿಡಿದರೆ ಅತ್ತ ನೋಡಬೇಕು.

ಮೊದಲ ದಿನ, 500 ಕಿ.ಮೀ., 1000 ಕಿ.ಮೀ. ಹೀಗೆ ತಾರೀಕಿನೊಂದಿಗೆ ಮೂರು ಅಂಕಿಗಳನ್ನು ಒಂದೇ ಗೇಜಿನಲ್ಲಿ ಅಳೆದು, ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸಿನಲ್ಲಿಟ್ಟರೆ, ಲೇತ್ ಅಂಗಡಿಗೆ ಮತ್ತೆ ಹೋಗಬೇಕಾಗಿ ಬಂದಾಗ ಜಗಳದ ಬದಲು ಆ ಚೀಟಿಯನ್ನೇ ಮುಂದಿಡಬಹುದು.