ಗಿರಣಿಯೂರಿನ ವಿಹಾರವನ
ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಬಳಿ, ಏರ್ ನದಿಯ ದಡದಲ್ಲಿ, ಸಾಲ್ಟೇರ್ ಎಂಬ ಗ್ರಾಮವಿದೆ. ಉಣ್ಣೆ ಗಿರಣಿಯ ಒಡೆಯ ಟೈಟಸ್ ಸಾಲ್ಟ್ ತನ್ನ ಕೆಲಸಗಾರರಿಗೆಂದೇ ಕಟ್ಟಿಸಿದ ಊರದು. ಹೊಗೆಯಿಂದಲೂ ಕಾಲರಾದಿಂದಲೂ ನರಳಿದ್ದ ಬ್ರ್ಯಾಡ್‌ಫರ್ಡನ್ನು ಬಿಟ್ಟು 1853ರಲ್ಲಿ ಇಲ್ಲಿ ಗಿರಣಿಯನ್ನು ತೆರೆದ ಆತ, 1871ರಲ್ಲಿ ನದಿಯಾಚೆ 14 ಎಕರೆಯ ಉದ್ಯಾನವನ್ನೂ ಮಾಡಿಸಿಕೊಟ್ಟನು. ಕ್ರಿಕೆಟ್ ಬಯಲು, ಹೂವಿನ ಪಾತಿಗಳು, ತಿರುಗಾಡಲು ಹಾದಿಗಳು! ದಿನವೆಲ್ಲ ಮಗ್ಗಗಳ ಗದ್ದಲದಲ್ಲಿ ದುಡಿದವರಿಗೆ ಇನ್ನೇನು ಬೇಕು? ಆದರೆ ಮದ್ಯ, ಜೂಜು, ಬೈಗುಳಗಳಿಗೆ ಅಲ್ಲಿ ಎಡೆಯಿರಲಿಲ್ಲ; ಬಿಡುವಿನಲ್ಲಿಯೂ ಧಣಿಯ ಕಣ್ಣು ತಪ್ಪಿರಲಿಲ್ಲವೆನ್ನಿ. ಅನಂತರ ಗಿರಣಿಯನ್ನು ನಡೆಸಿದ ಜೇಮ್ಸ್ ರಾಬರ್ಟ್ಸ್, ತೀರಿಕೊಂಡ ಮಗನ ನೆನಪಿಗಾಗಿ 1920ರಲ್ಲಿ ಅದನ್ನು ಬ್ರ್ಯಾಡ್‌ಫರ್ಡ್ ನಗರಸಭೆಗೆ ದಾನವಿತ್ತನು. ‘ರಾಬರ್ಟ್ಸ್ ಪಾರ್ಕ್’ ಎಂಬ ಹೆಸರು ಬಂದುದು ಹಾಗೆ. 2010ರಲ್ಲಿ ಉದ್ಯಾನವು ಜೀರ್ಣೋದ್ಧಾರಗೊಂಡು, ಹೊಸ ಬ್ಯಾಂಡ್ ಸ್ಟ್ಯಾಂಡನ್ನೂ ಪಡೆಯಿತು. ಸಾಲ್ಟನೋ, 1903ರ ಕಂಚಿನ ಪ್ರತಿಮೆಯಾಗಿ ಇಂದಿಗೂ ಅಲ್ಲಿಯೇ ನಿಂತಿದ್ದಾನೆ; ಪೀಠದಲ್ಲಿ ಅವನಿಗೆ ಸಿರಿ ತಂದ ಅಲ್ಪಾಕಾದ ಉಬ್ಬುಚಿತ್ರವಿದೆ.