ನಾಯಿಗಳ ಆಹಾರದ ಗುಣಮಟ್ಟ, ಜೀರ್ಣಕ್ರಿಯೆ ಮತ್ತು ಮಲ: ಸಾಕುವವರಿಗೆ ಮಾಹಿತಿ

ನಾಯಿಯು ತಿಂದ ಆಹಾರವೆಲ್ಲವೂ ಅದರ ದೇಹಕ್ಕೆ ಸೇರುವುದಿಲ್ಲ. ಜೀರ್ಣವಾಗಿ ರಕ್ತಗತವಾದ ಭಾಗ ಮಾತ್ರ ದೇಹದ ಬೆಳವಣಿಗೆಗೆ, ಶಕ್ತಿಗೆ ಹಾಗೂ ರೋಗನಿರೋಧಕತೆಗೆ ಒದಗುತ್ತದೆ. ಉಳಿದುದು ಮಲವಾಗಿ ಹೊರಬರುತ್ತದೆ. ಆದ್ದರಿಂದ ಮಲದ ಪ್ರಮಾಣ, ಗಟ್ಟಿತನ, ಬಣ್ಣ ಮತ್ತು ವಾಸನೆಯನ್ನು ಪ್ರತಿದಿನ ಗಮನಿಸುವುದು ಅವಶ್ಯಕ. ಇದರಿಂದ ಆಹಾರದ ದೋಷವನ್ನಷ್ಟೇ ಅಲ್ಲದೆ ಪ್ರಾಣಾಪಾಯ ತರಬಲ್ಲ ಕೆಲವು ರೋಗಗಳನ್ನೂ ಆರಂಭದಲ್ಲಿಯೇ ಗುರುತಿಸಬಹುದಾಗಿದೆ.

ನಾಯಿಯ ಜೀರ್ಣಾಂಗಗಳು

ದನದ ಕರುಳು ಅದರ ದೇಹದ ಉದ್ದದ ಸುಮಾರು 20 ಪಟ್ಟು ಇದ್ದರೆ, ನಾಯಿಯ ಕರುಳು ಸುಮಾರು 6 ಪಟ್ಟು ಮಾತ್ರ ಇರುತ್ತದೆ. ನಾರನ್ನು ಹುದುಗಿಸಿ ಜೀರ್ಣಿಸಿಕೊಳ್ಳಲು ದನಕ್ಕಿರುವಂತಹ ಮೆಲುಕು ಹೊಟ್ಟೆಯೂ ನಾಯಿಗೆ ಇರುವುದಿಲ್ಲ. ಈ ಕಾರಣದಿಂದ ಬೂಸಾ, ತೌಡು ಮುಂತಾದ ಹೆಚ್ಚು ನಾರಿನ ಪದಾರ್ಥಗಳು ನಾಯಿಯ ಹೊಟ್ಟೆ ತುಂಬಿಸುತ್ತವೆಯೇ ಹೊರತು ಪೋಷಣೆ ನೀಡುವುದಿಲ್ಲ. ಅವುಗಳ ಬಹುಭಾಗ ಮಲವಾಗಿಯೇ ಹೊರಬೀಳುತ್ತದೆ.

ನಾಯಿಯ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಬಹುತೇಕ ಇರುವುದಿಲ್ಲ. ಈ ಕಾರ್ಯವು ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸದಿಂದ ನಡೆಯುತ್ತದೆ. ತೋಳಕ್ಕೆ ಹೋಲಿಸಿದಲ್ಲಿ ನಾಯಿಯಲ್ಲಿ ಈ ಕಿಣ್ವದ ಜೀನ್‌ನ ಪ್ರತಿಗಳು ಹಲವು ಪಟ್ಟು ಹೆಚ್ಚಾಗಿವೆ ಎಂಬುದನ್ನು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ. ಮನುಷ್ಯರ ಸಹವಾಸದಲ್ಲಿ ಧಾನ್ಯದ ಆಹಾರಕ್ಕೆ ನಾಯಿಯು ಹೊಂದಿಕೊಂಡಿದೆ ಎಂಬುದು ಇದರ ಅರ್ಥ. ಆದ್ದರಿಂದ ಚೆನ್ನಾಗಿ ಬೇಯಿಸಿದ ಅನ್ನ ಹಾಗೂ ರಾಗಿಮುದ್ದೆ ನಾಯಿಗೆ ಒಗ್ಗುವುದಿಲ್ಲ ಎಂಬ ಅಭಿಪ್ರಾಯ ಸರಿಯಲ್ಲ. ಅದೇ ರೀತಿ, ಮುದ್ದೆಯೊಂದೇ ಸಾಕು ಎಂಬುದೂ ಸರಿಯಲ್ಲ. ಬೇಯಿಸಿದ ಮೊಟ್ಟೆ, ಮಾಂಸ ಅಥವಾ ಮುಳ್ಳು ತೆಗೆದ ಮೀನು ಜೊತೆಗಿಲ್ಲದಿದ್ದಲ್ಲಿ ನಾಯಿಗೆ ಅಗತ್ಯ ಪ್ರಮಾಣದ ಸಸಾರಜನಕ ದೊರೆಯುವುದಿಲ್ಲ. ಅರೆಬೆಂದ ಹಿಟ್ಟು ಪೂರ್ಣವಾಗಿ ಜೀರ್ಣವಾಗದೆ ದೊಡ್ಡ ಕರುಳಿನಲ್ಲಿ ಹುದುಗಿ ಹೊಟ್ಟೆಯುಬ್ಬರ ಮತ್ತು ಸಡಿಲ ಮಲಕ್ಕೆ ಕಾರಣವಾಗುತ್ತದೆ.

ಜೀರ್ಣಯೋಗ್ಯತೆಯ ಲೆಕ್ಕ

ಆಹಾರದ ನೀರಿನಂಶವನ್ನು ಹೊರತುಪಡಿಸಿ ಉಳಿದ ಒಣ ಪದಾರ್ಥದಲ್ಲಿ ಶೇಕಡಾ ಎಷ್ಟು ಭಾಗ ದೇಹಗತವಾಗುತ್ತದೆ ಎಂಬುದೇ ಆಹಾರದ ಜೀರ್ಣಯೋಗ್ಯತೆ. ಉದಾಹರಣೆಗೆ, ದಿನಕ್ಕೆ 300 ಗ್ರಾಂ ಒಣ ಪದಾರ್ಥ ತಿನ್ನುವ ನಾಯಿಯನ್ನು ಪರಿಗಣಿಸಬಹುದು. ಮಲದಲ್ಲಿ ಶೇ. 70ರಷ್ಟು ನೀರು ಇದೆಯೆಂದು ಇಟ್ಟುಕೊಳ್ಳಲಾಗಿದೆ.

1. ಜೀರ್ಣಯೋಗ್ಯತೆ ಶೇ. 85 ಇದ್ದಲ್ಲಿ: ದೇಹಗತವಾಗುವುದು 255 ಗ್ರಾಂ, ಉಳಿಯುವುದು 45 ಗ್ರಾಂ, ನೀರು ಸೇರಿ ಮಲದ ತೂಕ 150 ಗ್ರಾಂ.
2. ಜೀರ್ಣಯೋಗ್ಯತೆ ಶೇ. 70 ಇದ್ದಲ್ಲಿ: ದೇಹಗತವಾಗುವುದು 210 ಗ್ರಾಂ, ಉಳಿಯುವುದು 90 ಗ್ರಾಂ, ನೀರು ಸೇರಿ ಮಲದ ತೂಕ 300 ಗ್ರಾಂ.

ಜೀರ್ಣಯೋಗ್ಯತೆಯಲ್ಲಿ ಶೇ. 15ರ ಅಂತರವಿದ್ದರೂ ಮಲದ ಪ್ರಮಾಣ ಎರಡರಷ್ಟಾಗಿರುವುದನ್ನು ಗಮನಿಸಬಹುದು. ಇದಲ್ಲದೆ, ಎರಡನೆಯ ಆಹಾರದಿಂದ 255 ಗ್ರಾಂ ಪಡೆಯಲು ಸುಮಾರು 364 ಗ್ರಾಂ ತಿನ್ನಿಸಬೇಕಾಗುತ್ತದೆ. ಅಂದರೆ ಮೊದಲನೆಯದರ ಬೆಲೆ ಕಿಲೋಗೆ 100 ರೂಪಾಯಿ ಇದ್ದಲ್ಲಿ, ಎರಡನೆಯದು ಸುಮಾರು 82 ರೂಪಾಯಿಗಿಂತ ಕಡಿಮೆಯಿದ್ದರೆ ಮಾತ್ರ ಉಳಿತಾಯವಾಗುತ್ತದೆ. ಕಡಿಮೆ ಬೆಲೆಯ ಆಹಾರವೆಲ್ಲವೂ ಅಗ್ಗವಾಗಿರುವುದಿಲ್ಲ.

ಸಿದ್ಧ ಆಹಾರದ ಚೀಲದ ಮೇಲೆ ನಮೂದಿಸುವ 'ಕಚ್ಚಾ ಪ್ರೋಟೀನ್' ಪ್ರಮಾಣದಿಂದ ಜೀರ್ಣಯೋಗ್ಯತೆಯು ತಿಳಿಯುವುದಿಲ್ಲ. ಆಹಾರದಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಈ ಅಂಕಿಯನ್ನು ಪಡೆಯಲಾಗುತ್ತದೆ. ಸುಲಭವಾಗಿ ಜೀರ್ಣವಾಗದ ಗರಿ, ಗೊರಸು, ಚರ್ಮಗಳಲ್ಲಿಯೂ ಸಾರಜನಕವಿರುವುದರಿಂದ ಅವೂ ಲೆಕ್ಕಕ್ಕೆ ಸೇರುತ್ತವೆ. ಹೀಗೆ ಜೀರ್ಣವಾಗದ ಸಸಾರಜನಕವು ದೊಡ್ಡ ಕರುಳಿನಲ್ಲಿ ಕೊಳೆತು ಅಮೋನಿಯಾ ಮುಂತಾದವು ಉತ್ಪತ್ತಿಯಾಗುವುದೇ ಮಲದ ತೀವ್ರ ದುರ್ವಾಸನೆಗೆ ಮುಖ್ಯ ಕಾರಣ.

ಮಲದ ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

* ಕಂದು ಬಣ್ಣ, ಆಕಾರ ಉಳಿಸಿಕೊಂಡಿರುವ, ಎತ್ತಿದಾಗ ನೆಲಕ್ಕೆ ಅಂಟದ ಮಲ: ಸಾಮಾನ್ಯ ಸ್ಥಿತಿ.
* ಬಿಳಿಚಿದ, ಗಟ್ಟಿಯಾದ, ಪುಡಿಯಾಗುವ ಮಲ: ಮೂಳೆಯ ಅತಿಯಾದ ಸೇವನೆ. ಬೇಯಿಸಿದ ಕೋಳಿಮೂಳೆ ಸೀಳಿ ಕರುಳನ್ನು ಗಾಯಗೊಳಿಸುವ ಅಪಾಯವಿದೆ.
* ಸಡಿಲ ಮಲ: ಆಹಾರದ ದಿಢೀರ್ ಬದಲಾವಣೆ, ಅತಿಯಾದ ಜಿಡ್ಡು, ಅಥವಾ ಹಾಲು. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕಡಿಮೆ ಇರುತ್ತದೆ.
* ಹೇರಳವಾದ, ಬಣ್ಣಗೆಟ್ಟ, ಜಿಡ್ಡಿನ ಮಲ; ಹೆಚ್ಚು ತಿಂದರೂ ಸೊರಗುವಿಕೆ: ಮೇದೋಜೀರಕ ರಸದ ಕೊರತೆ. ಜರ್ಮನ್ ಶೆಫರ್ಡ್ ತಳಿಯಲ್ಲಿ ಇದು ಹೆಚ್ಚು.
* ಟಾರಿನಂತಹ ಕಪ್ಪು ಮಲ: ಹೊಟ್ಟೆ ಅಥವಾ ಸಣ್ಣ ಕರುಳಿನಲ್ಲಿ ರಕ್ತಸ್ರಾವ. ಕೊಕ್ಕೆಹುಳುವಿನ ಬಾಧೆಯೂ ಕಾರಣವಿರಬಹುದು.

ವಿಳಂಬ ಮಾಡಬಾರದ ಸಂದರ್ಭಗಳು

ಎಲ್ಲ ಭೇದಿಗೂ ಆಹಾರವೇ ಕಾರಣವಾಗಿರುವುದಿಲ್ಲ. ಮರಿಗಳಲ್ಲಿ ವಾಂತಿ, ಮಂಕುತನ ಹಾಗೂ ದುರ್ವಾಸನೆಯ ರಕ್ತಭೇದಿ ಕಂಡುಬಂದಲ್ಲಿ ಪಾರ್ವೋ ರೋಗವಿರುವ ಸಾಧ್ಯತೆ ಇದೆ. ಆಹಾರ ಒಗ್ಗಲಿಲ್ಲವೆಂದು ಭಾವಿಸಿ ಎರಡು ದಿನ ಕಾಯುವಷ್ಟರಲ್ಲಿ ದೇಹದ ನೀರಿನಂಶ ನಷ್ಟವಾಗಿ ಮರಿಯು ಸಾಯಬಹುದು. ಅದೇ ದಿನ ಪಶುವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಲಸಿಕೆ ಮತ್ತು ಜಂತುನಾಶಕ ಔಷಧಿಗಳನ್ನು ಪಶುವೈದ್ಯರ ಸಲಹೆಯಂತೆ ಸಕಾಲದಲ್ಲಿ ಕೊಡಿಸುವುದು. ಮನುಷ್ಯರ ಭೇದಿ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನೀಡಬಾರದು.

ಆಹಾರ ನೀಡುವಾಗ ಅನುಸರಿಸಬೇಕಾದ ಕ್ರಮಗಳು

1. ಆಹಾರ ಬದಲಾಯಿಸುವಾಗ ಮೊದಲ ಎರಡು ದಿನ ಹೊಸ ಆಹಾರ ಕಾಲು ಭಾಗ, ನಂತರದ ಎರಡು ದಿನ ಅರ್ಧ ಭಾಗ, ಮುಂದಿನ ಎರಡು ದಿನ ಮುಕ್ಕಾಲು ಭಾಗ ನೀಡಿ, 7ನೆಯ ದಿನದಿಂದ ಪೂರ್ಣವಾಗಿ ನೀಡುವುದು.
2. ಈರುಳ್ಳಿ, ಬೆಳ್ಳುಳ್ಳಿ ಇರುವ ಸಾರು-ಹುಳಿ, ದ್ರಾಕ್ಷಿ, ಒಣದ್ರಾಕ್ಷಿ ಮತ್ತು ಚಾಕೊಲೇಟ್ ನೀಡಬಾರದು. ಈರುಳ್ಳಿ, ಬೆಳ್ಳುಳ್ಳಿಗಳು ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ.
3. ಕುರಿ, ಮೇಕೆಗಳ ಹಸಿ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಹಾಕಬಾರದು. ಇವುಗಳ ಮೂಲಕ ನಾಯಿಗೆ ಸೇರುವ ಒಂದು ಬಗೆಯ ಲಾಡಿಹುಳುವಿನ ಮೊಟ್ಟೆಗಳು ನಾಯಿಯ ಮಲದಿಂದ ಮನುಷ್ಯರಿಗೆ ತಲುಪಿ, ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ನೀರುಗಂಟುಗಳನ್ನು ಉಂಟುಮಾಡುತ್ತವೆ.
4. ಶುದ್ಧ ಕುಡಿಯುವ ನೀರು ಸದಾ ಲಭ್ಯವಿರತಕ್ಕದ್ದು.

ಮಲದ ವಿಲೇವಾರಿ

ಉತ್ತಮ ಆಹಾರದಿಂದ ಮಲ ಕಡಿಮೆಯಾಗಿ, ಗಟ್ಟಿಯಾಗಿ ಬರುವುದರಿಂದ ಅದನ್ನು ಎತ್ತುವುದೂ ಸುಲಭ. ದುಂಡುಹುಳುವಿನ ಮೊಟ್ಟೆಗಳು ಹೊಸ ಮಲದಲ್ಲಿ ಸೋಂಕು ತರುವ ಹಂತದಲ್ಲಿ ಇರುವುದಿಲ್ಲ; ಮಣ್ಣಿನಲ್ಲಿ ಕೆಲವು ವಾರ ಉಳಿದ ನಂತರ ಆ ಹಂತ ತಲುಪಿ, ವರ್ಷಗಟ್ಟಲೆ ಬದುಕಬಲ್ಲವು. ಆದ್ದರಿಂದ ಅಂಗಳ, ರಸ್ತೆ, ಉದ್ಯಾನಗಳಲ್ಲಿನ ಮಲವನ್ನು ಅದೇ ದಿನ ಎತ್ತುವುದರಿಂದ ಮಣ್ಣಿನಲ್ಲಿ ಆಡುವ ಮಕ್ಕಳಿಗೆ ರಕ್ಷಣೆ ದೊರೆಯುತ್ತದೆ. ಸಗಣಿಯಂತೆ ನಾಯಿಯ ಮಲವನ್ನು ತರಕಾರಿ ಗಿಡಗಳಿಗೆ ಗೊಬ್ಬರವಾಗಿ ಬಳಸಬಾರದು. ಮಲ ಎತ್ತಿದ ನಂತರ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ.

ಮಲದಲ್ಲಿನ ಬದಲಾವಣೆ ಮುಂದುವರಿದಲ್ಲಿ, ಸ್ವಚ್ಛವಾದ ಡಬ್ಬಿಯಲ್ಲಿ ಹೊಸ ಮಲದ ಮಾದರಿಯೊಂದಿಗೆ ಸಮೀಪದ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸುವುದು. ನಾಯಿಗೆ ನೀಡುತ್ತಿರುವ ಆಹಾರ, ಅದರ ಪ್ರಮಾಣ ಮತ್ತು ಬದಲಾವಣೆ ಕಂಡ ದಿನವನ್ನು ತಿಳಿಸಿದಲ್ಲಿ ರೋಗಪತ್ತೆಗೆ ಅನುಕೂಲವಾಗುತ್ತದೆ.