ಹೊಗೆ ಕಾಣದ ಒಲೆ ನಿಜಕ್ಕೂ ಶುದ್ಧವೇ? ಸೌದೆ ಒಲೆ ಕೊಳ್ಳುವ ಮುನ್ನ ನೋಡಬೇಕಾದದ್ದು

ಕೃಷಿ ಮೇಳದ ಮಳಿಗೆಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ಈಗ ಬಗೆಬಗೆಯ ‘ಹೊಗೆರಹಿತ’ ಸೌದೆ ಒಲೆಗಳು ಸಿಗುತ್ತವೆ. ಅಡುಗೆಗೆ ಗ್ಯಾಸ್ ಬಂದ ಮೇಲೂ ಇವುಗಳಿಗೆ ಬೇಡಿಕೆ ಇದೆ. ಮಲೆನಾಡು, ಕರಾವಳಿಯ ಬಹಳಷ್ಟು ಮನೆಗಳಲ್ಲಿ ಸ್ನಾನದ ಹಂಡೆ ಇಂದಿಗೂ ಕಾಯುವುದು ಸೌದೆಯ ಉರಿಯಿಂದಲೇ. ಬಯಲುಸೀಮೆಯಲ್ಲೂ ಹೆಚ್ಚು ಹೊತ್ತು ಬೇಯಬೇಕಾದದ್ದನ್ನು, ಹೆಚ್ಚು ಜನಕ್ಕೆ ಮಾಡಬೇಕಾದದ್ದನ್ನು ಹಿತ್ತಲಿನ ಒಲೆಗೆ ಏರಿಸುವುದು ರೂಢಿ. ಹೇಗಿದ್ದರೂ ಸೌದೆ ಉರಿಸುತ್ತೇವೆ, ಒಳ್ಳೆಯ ಒಲೆಯನ್ನೇ ಕೊಳ್ಳೋಣ ಎಂದುಕೊಂಡರೆ ನೋಡಬೇಕಾದದ್ದು ಏನನ್ನು? ಅಂಗಡಿಯವರು ಒಲೆ ಹೊತ್ತಿಸಿ, ‘ನೋಡಿ, ಹೊಗೆಯೇ ಇಲ್ಲ’ ಎನ್ನುತ್ತಾರೆ. ಅಷ್ಟು ಸಾಕೇ?

ಸಾಲದು. ಏಕೆಂದು ತಿಳಿಯಲು ಮೊದಲು ಹೊಗೆ ಎಂದರೇನು ಎಂದು ನೋಡಬೇಕು.

ಸೌದೆ ಬಿಸಿಯಾದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಆಮೇಲೆ ಮರ ಒಡೆದು ನಾನಾ ಬಗೆಯ ಅನಿಲಗಳು ಹೊರಬರುತ್ತವೆ. ನಮಗೆ ಕಾಣುವ ಹಳದಿ ಜ್ವಾಲೆ ಈ ಅನಿಲಗಳು ಉರಿಯುವ ಬೆಳಕು. ಅವು ಹೋದ ಮೇಲೆ ಉಳಿಯುವುದು ಕೆಂಡ. ಅನಿಲ ಪೂರ್ತಿ ಉರಿಯಬೇಕಾದರೆ ಸಾಕಷ್ಟು ಬಿಸಿ ಬೇಕು, ಗಾಳಿ ಅದರೊಂದಿಗೆ ಚೆನ್ನಾಗಿ ಬೆರೆಯಬೇಕು, ಉರಿಯಲು ಸ್ವಲ್ಪ ಸಮಯವೂ ಸಿಗಬೇಕು. ಈ ಮೂರರಲ್ಲಿ ಒಂದು ಕಡಿಮೆಯಾದರೂ ಅನಿಲ ಅರೆಬರೆ ಉರಿದು ಮಸಿ, ಡಾಂಬರಿನಂಥ ಹನಿಗಳು ಮತ್ತು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ. ಹೊಗೆ ಎಂದರೆ ಉರಿಯದೇ ಹೋದ ಸೌದೆ. ಸೌದೆಗೆ ಕೊಟ್ಟ ದುಡ್ಡೂ ಅದರ ಜೊತೆಗೇ ಹೋಗುತ್ತದೆ.

ಇದರಲ್ಲಿ ಕಣ್ಣಿಗೆ ಕಾಣುವುದು ಒಂದು ಭಾಗ ಮಾತ್ರ. ಪಿಎಂ 2.5 ಎಂದು ಕರೆಯುವ ಕಣಗಳು 2.5 ಮೈಕ್ರಾನ್‌ಗಿಂತ ಚಿಕ್ಕವು. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಸೌದೆ ಹೊಗೆಯ ಕಣಗಳಲ್ಲಿ ಬಹುಪಾಲು ಈ ಚಿಕ್ಕ ಗಾತ್ರದವೇ, ಮೂಗು ಗಂಟಲು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಕಾರ್ಬನ್ ಮಾನಾಕ್ಸೈಡ್‌ಗಂತೂ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ‘ಕಣ್ಣು ಉರಿಯುತ್ತಿಲ್ಲ, ಹಾಗಾಗಿ ಶುದ್ಧ’ ಎನ್ನುವ ಪರೀಕ್ಷೆ ನಂಬುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅಡುಗೆ ಇಂಧನಗಳ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತಿದ್ದಾರೆ. ಇವುಗಳಲ್ಲಿ ಬಹುಪಾಲು ಹೃದಯದ ಕಾಯಿಲೆ, ಪಾರ್ಶ್ವವಾಯು, ಶ್ವಾಸಕೋಶದ ಕಾಯಿಲೆಗಳಿಂದ ಆದ ಸಾವುಗಳು.

ಅಸ್ತ್ರ ಒಲೆ ಕಲಿಸಿದ್ದು

ಒಲೆಯನ್ನು ಸುಧಾರಿಸುವ ಕೆಲಸದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಅಲ್ಲಿನ ಕೆಲಸದಿಂದ ಬಂದದ್ದೇ ಅಸ್ತ್ರ ಒಲೆ: ಮುಚ್ಚಿದ ಉರಿಗೂಡು, ಬೂದಿ ಕೆಳಗೆ ಬೀಳಲು ಮತ್ತು ಗಾಳಿ ಮೇಲೇರಲು ಕಂಬಿಯ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಚಿಮಣಿ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಶೇ. 10ರಿಂದ 15ರಷ್ಟು ಮಾತ್ರ ಪಾತ್ರೆಗೆ ತಲುಪಿದರೆ, ಅಸ್ತ್ರ ಒಲೆಯಲ್ಲಿ ಅದರ ದುಪ್ಪಟ್ಟಿಗೂ ಮಿಕ್ಕಿ ತಲುಪುತ್ತಿತ್ತು.

ಆದರೆ ಒಂದು ಷರತ್ತಿತ್ತು. ಅಳತೆಗಳು ಸರಿಯಾಗಿರಬೇಕಿತ್ತು. ಪಾತ್ರೆ ಕಂಡಿಯಲ್ಲಿ ಸರಿಯಾಗಿ ಕೂರಬೇಕು, ಉರಿಗೂಡಿನ ಆಳ ಹೆಚ್ಚುಕಡಿಮೆಯಾಗಬಾರದು, ಚಿಮಣಿಯಲ್ಲಿ ಮಸಿ ಕಟ್ಟಬಾರದು. ತರಬೇತಿ ಪಡೆದವರು ಕಟ್ಟಿದ ಒಲೆ ಚೆನ್ನಾಗಿ ಉರಿಯುತ್ತಿತ್ತು. ಅಂದಾಜಿನಲ್ಲಿ ಕಟ್ಟಿದ್ದು ಹೆಸರಿಗೆ ಮಾತ್ರ ಹೊಗೆರಹಿತವಾಗಿರುತ್ತಿತ್ತು. 1980ರ ದಶಕದ ಮಧ್ಯದಿಂದ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಲಾಯಿತು. ಅವುಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು.

ಒಡಿಶಾದಲ್ಲಿ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಮತ್ತು ರೆಮಾ ಹನ್ನಾ ನಡೆಸಿದ ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಚಿಮಣಿ ಇರುವ ಮಣ್ಣಿನ ಒಲೆಗಳನ್ನು ಕೊಟ್ಟು, ಆ ಮನೆಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿದರು. ಮೊದಲ ವರ್ಷ ಅಡುಗೆ ಮಾಡುವವರು ಸೇವಿಸುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಸೌದೆಯ ಖರ್ಚೂ ಇಳಿಯಲಿಲ್ಲ, ಶ್ವಾಸಕೋಶದ ಆರೋಗ್ಯವೂ ಸುಧಾರಿಸಲಿಲ್ಲ. ಒಲೆಯನ್ನು ನಿಯಮಿತವಾಗಿ ಬಳಸದಿದ್ದದ್ದು, ಕೆಟ್ಟದ್ದನ್ನು ಸರಿಪಡಿಸದಿದ್ದದ್ದು ಇದಕ್ಕೆ ಕಾರಣ. ಪ್ರಯೋಗಾಲಯದಲ್ಲಿ ಗೆದ್ದ ಒಲೆ ಅಡುಗೆಮನೆಯಲ್ಲೂ ಗೆಲ್ಲುತ್ತದೆ ಎನ್ನಲಾಗದು.

ಚೀಟಿಯ ಮೇಲಿನ ಮೂರು ಅಂಕಿಗಳು

ಎತ್ತಿ ಇಡಬಹುದಾದ ಸೌದೆ ಒಲೆಗಳಿಗೆ ಭಾರತದಲ್ಲಿ ಒಂದು ಮಾನಕವಿದೆ: ಐಎಸ್ 13152, ಭಾಗ 1, 2013ರ ಆವೃತ್ತಿ. ಕೊಳ್ಳುವಾಗ ಅಂಗಡಿಯವರನ್ನು ಮೊದಲು ಕೇಳಬೇಕಾದದ್ದು ಇದನ್ನೇ. ಫ್ಯಾನ್ ಇಲ್ಲದ ಒಲೆಯಾದರೆ ದಕ್ಷತೆ ಕನಿಷ್ಠ ಶೇ. 25 ಇರಬೇಕು, ಪಾತ್ರೆಗೆ ತಲುಪುವ ಪ್ರತಿ ಮೆಗಾಜೂಲ್ ಶಾಖಕ್ಕೆ ಕಣಗಳು 350 ಮಿಲಿಗ್ರಾಂ ಮೀರಬಾರದು. ಫ್ಯಾನ್ ಇರುವ ಒಲೆಗೆ ದಕ್ಷತೆ ಕನಿಷ್ಠ ಶೇ. 35, ಕಣಗಳು 150 ಮಿಲಿಗ್ರಾಂ ಒಳಗೆ. ಕಾರ್ಬನ್ ಮಾನಾಕ್ಸೈಡ್ ಎರಡಕ್ಕೂ 5 ಗ್ರಾಂ ಒಳಗಿರಬೇಕು.

ಈ ಅಂಕಿಗಳನ್ನು ಹಂಡೆಗೆ ಅನ್ವಯಿಸಿ ನೋಡೋಣ. 40 ಲೀಟರ್ ನೀರನ್ನು 22 ಡಿಗ್ರಿಯಿಂದ 62 ಡಿಗ್ರಿಗೆ ಕಾಯಿಸಲು ನೀರಿಗೆ ಸುಮಾರು 6.7 ಮೆಗಾಜೂಲ್ ಶಾಖ ಬೇಕು. ಶೇ. 12ರ ದಕ್ಷತೆಯ ಹಳೆಯ ಒಲೆಯಲ್ಲಿ ಇದಕ್ಕೆ ಸುಮಾರು ಮೂರೂವರೆ ಕಿಲೋ ಒಣಸೌದೆ ಹೋಗುತ್ತದೆ, ಶೇ. 35ರದ್ದರಲ್ಲಿ ಒಂದೂಕಾಲು ಕಿಲೋ ಸಾಕು. ಕಣಗಳ ಲೆಕ್ಕ ಇನ್ನೂ ಕುತೂಹಲದ್ದು. ಫ್ಯಾನ್ ಇಲ್ಲದ ಒಲೆ ಮಾನಕದ ಅಂಚಿನಲ್ಲೇ ಪಾಸಾಗಿದ್ದರೆ ಒಂದು ಹಂಡೆ ನೀರಿಗೆ ಸುಮಾರು 2.3 ಗ್ರಾಂ ಕಣಗಳನ್ನು ಉಗುಳುತ್ತದೆ. ನಮ್ಮ ದೇಶದ ಹೊರಾಂಗಣ ಗಾಳಿಯ ನಿಯಮದಂತೆ ಪಿಎಂ 2.5 ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ಆ 2.3 ಗ್ರಾಂ, ಹತ್ತು ಅಡಿ ಉದ್ದ, ಅಗಲ, ಎತ್ತರದ ಸುಮಾರು 1,300 ಕೋಣೆಗಳ ಗಾಳಿಯನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಫ್ಯಾನ್ ಒಲೆಯಾದರೆ ಸುಮಾರು 600 ಕೋಣೆ.

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಕೊಟ್ಟ ಗುರಿ ಇದಕ್ಕಿಂತ ಬಹಳ ಕಟ್ಟುನಿಟ್ಟು. ಚಿಮಣಿ ಇಲ್ಲದ ಒಲೆ ನಿಮಿಷಕ್ಕೆ 0.23 ಮಿಲಿಗ್ರಾಂ, ಚಿಮಣಿ ಇರುವುದು 0.80 ಮಿಲಿಗ್ರಾಂಗಿಂತ ಹೆಚ್ಚು ಪಿಎಂ 2.5 ಬಿಡಬಾರದು. ಪಾತ್ರೆಗೆ ಒಂದೂವರೆ ಕಿಲೋವ್ಯಾಟ್ ಶಾಖ ಕೊಡುವ ಫ್ಯಾನ್ ಒಲೆ ನಮ್ಮ ಮಾನಕದ ಗರಿಷ್ಠ ಮಿತಿಯಲ್ಲಿ ಉರಿದರೆ ನಿಮಿಷಕ್ಕೆ ಸುಮಾರು 13 ಮಿಲಿಗ್ರಾಂ ಆಗುತ್ತದೆ. ಹಾಗಾಗಿ ಮಾನಕದ ಗುರುತು ಇದೆ ಎಂದ ಮಾತ್ರಕ್ಕೆ ಆರೋಗ್ಯಕ್ಕೆ ನಿರಪಾಯ ಎಂದಲ್ಲ. ನಮ್ಮ ಅಭಿಪ್ರಾಯ ಇಷ್ಟು: ದಿನದ ಅಡುಗೆಗೆ ಗ್ಯಾಸ್ ಅಥವಾ ವಿದ್ಯುತ್ ಒಲೆ ಸಿಗುವ ಮನೆಯಲ್ಲಿ ಅದನ್ನು ಬಿಟ್ಟು ‘ಸುಧಾರಿತ’ ಸೌದೆ ಒಲೆಗೆ ಮರಳಬೇಡಿ. ಸೌದೆ ಅನಿವಾರ್ಯವಾದ ಕಡೆ ಮಾನಕಕ್ಕೆ ಪಾಸಾದವುಗಳಲ್ಲೂ ಪರೀಕ್ಷಾ ವರದಿಯ ಅಂಕಿ ಕಡಿಮೆ ಇರುವುದನ್ನೇ ಆರಿಸಿ. ‘ಶೇ. 80 ಹೊಗೆ ಕಡಿಮೆ’ ಎಂಬ ಜಾಹೀರಾತಿನಲ್ಲಿ ಯಾವುದಕ್ಕಿಂತ ಕಡಿಮೆ ಎಂದು ಹೇಳಿರುವುದಿಲ್ಲ. ವರದಿಯನ್ನೇ ಕೇಳಿ.

ಫ್ಯಾನ್ ಒಲೆ ಕೊಳ್ಳುವಾಗ ಇಂಧನದ ಬಗ್ಗೆಯೂ ಕೇಳಬೇಕು. ಕೆಲವಕ್ಕೆ ಬೆರಳುದ್ದ ಕತ್ತರಿಸಿದ ಸೌದೆ ಬೇಕು, ಕೆಲವಕ್ಕೆ ಉಂಡೆ ಅಥವಾ ಪೆಲೆಟ್ಟೇ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ರೂಪುಗೊಂಡ ‘ಊರ್ಜಾ’ ಒಲೆ ಚೆನ್ನಾಗಿಯೇ ಉರಿಯುತ್ತಿತ್ತು, ಲಕ್ಷಗಟ್ಟಲೆ ಮಾರಾಟವೂ ಆಯಿತು. ಪೆಲೆಟ್ ದುಬಾರಿಯಾದಾಗ ಜನ ಅದನ್ನು ಕೈಬಿಟ್ಟರು. ನಿಮ್ಮ ಹಿತ್ತಲಲ್ಲಿ ಸಿಗುವುದು ಅಡಿಕೆ ಹಾಳೆ, ತೆಂಗಿನ ಗರಿ, ಕರಟ ಎಂದಾದರೆ ಆ ಒಲೆಯಲ್ಲಿ ಅವು ಉರಿಯುತ್ತವೆಯೇ ಎಂದು ಉರಿಸಿ ತೋರಿಸಲು ಹೇಳಿ.

ಗಾರೆಯವರಿಂದ ಬಚ್ಚಲಲ್ಲಿ ಕಟ್ಟಿಸುವ ಹಂಡೆ ಒಲೆಗೆ ಇಂಥ ಚೀಟಿ ಇರುವುದಿಲ್ಲ. ಅಲ್ಲಿ ಕಣ್ಣಳತೆಯೇ ಗತಿ. ಒಲೆಯ ಬಾಯಿ ಚಿಕ್ಕದಿರಲಿ, ಸೌದೆಯ ಕೆಳಗೆ ಜಾಲರಿ ಇರಲಿ, ಗಾಳಿ ಅದರ ಕೆಳಗಿನಿಂದ ಬರಲಿ, ಹಂಡೆಯ ಸುತ್ತ ಬಿಸಿಗಾಳಿ ಉಜ್ಜಿಕೊಂಡು ಹೋಗುವಷ್ಟೇ ಕಿರಿದಾದ ಸಂದು ಇರಲಿ. ದಪ್ಪ ಮಣ್ಣಿನ ಗೋಡೆ ಶಾಖ ಉಳಿಸುತ್ತದೆ ಎಂಬ ನಂಬಿಕೆ ಇದೆ. ನಿಜಕ್ಕೂ ಅದು ಮೊದಲ ಅರ್ಧ ಗಂಟೆ ಶಾಖವನ್ನು ತಾನೇ ಹೀರುತ್ತದೆ.

ಚಿಮಣಿ ಹೊಗೆಯನ್ನು ಕೊಲ್ಲುವುದಿಲ್ಲ

ಚಿಮಣಿ ಬೇಕೇ ಬೇಕು. ಆದರೆ ಅದು ಹೊಗೆಯನ್ನು ಒಳಗಿನಿಂದ ಹೊರಗೆ ಸಾಗಿಸುತ್ತದೆ ಅಷ್ಟೇ. ಮಾಡಿನ ಅಂಚಿಗಿಂತ ಕೆಳಗೆ ಮುಗಿಯುವ ಚಿಮಣಿಯ ಹೊಗೆ ಕಿಟಕಿಯಿಂದ ಮತ್ತೆ ಒಳಗೇ ಬರುತ್ತದೆ, ಇಲ್ಲವೇ ಪಕ್ಕದ ಮನೆಗೆ ಹೋಗುತ್ತದೆ. 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲ ಹೊಗೆ ಸೇರಿದ ಮಂಜು ಲಂಡನ್ನಿನಲ್ಲಿ ಸಾವಿರಾರು ಜನರನ್ನು ಕೊಂದ ಮೇಲೆ ಬ್ರಿಟನ್ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ತಂದದ್ದು ಈ ಕಾರಣಕ್ಕೇ. ಇಂದಿಗೂ ಇಂಗ್ಲೆಂಡಿನ ಹೊಗೆ ನಿಯಂತ್ರಣ ಪ್ರದೇಶಗಳಲ್ಲಿ ಸೌದೆ ಉರಿಸಬೇಕಾದರೆ ಅನುಮೋದಿತ ಒಲೆಯೇ ಬೇಕು. ಚಿಮಣಿಯಲ್ಲಿ ಹೊಗೆ ಕಂಡರೆ 300 ಪೌಂಡ್‌ವರೆಗೆ ದಂಡ ಬೀಳಬಹುದು. ಅಲ್ಲಿ ಮನೆ ಕೊಳ್ಳುವ ಕನ್ನಡಿಗರು ಹಳೆಯ ಅಗ್ಗಿಷ್ಟಿಕೆಯನ್ನು ಹೊತ್ತಿಸುವ ಮುನ್ನ ತಮ್ಮ ಬಡಾವಣೆ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ಅಲ್ಲಿ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ. 20 ಮೀರಬಾರದು ಎಂಬ ನಿಯಮವೂ ಇದೆ. ನಮಗೂ ಇದು ಒಳ್ಳೆಯ ಅಳತೆ. ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬಹುದು. ಆ ನೀರನ್ನು ಆವಿ ಮಾಡಲು ಹೋಗುವ ಶಾಖಕ್ಕಿಂತ ದೊಡ್ಡ ತೊಂದರೆ ಎಂದರೆ ಉರಿಗೂಡು ತಣ್ಣಗಾಗುವುದು. ಅನಿಲ ಉರಿಯುವಷ್ಟು ಬಿಸಿಯೇ ಅಲ್ಲಿರುವುದಿಲ್ಲ. ಎಂಥ ದುಬಾರಿ ಒಲೆಯೂ ಹಸಿ ಸೌದೆಯ ಮುಂದೆ ಸೋಲುತ್ತದೆ. ಒಣಗಿದ ಎರಡು ತುಂಡು ತಾಗಿಸಿದರೆ ಟಣ್ ಎನ್ನುತ್ತವೆ, ತುದಿಯಲ್ಲಿ ಬಿರುಕು ಕಾಣುತ್ತದೆ. ಹಸಿಯವು ದಪ್ ಎನ್ನುತ್ತವೆ. ಮಳೆಗಾಲಕ್ಕೆ ಮುಂಚೆಯೇ ಸೀಳಿ ಸೌದೆ ಕೊಟ್ಟಿಗೆಗೆ ಸೇರಿಸುವ ಮಲೆನಾಡಿನ ರೂಢಿಗಿಂತ ಅಗ್ಗದ ಹೊಗೆ ನಿಯಂತ್ರಣ ಬೇರೊಂದಿಲ್ಲ. ಉರಿ ಹೊತ್ತಿಸಲು ಹಾಲಿನ ಕವರ್ ಹಾಕುವ ಅಭ್ಯಾಸವನ್ನು ಮಾತ್ರ ಈಗಲೇ ಬಿಡಿ. ಬಣ್ಣ ಬಳಿದ ಮರ, ಪ್ಲೈವುಡ್ ಚೂರು ಕೂಡ ಒಲೆಗೆ ಬೇಡ.

‘ಹೊಗೆ ಇದ್ದರೆ ಸೊಳ್ಳೆ ಬರುವುದಿಲ್ಲ’ ಎನ್ನುವವರಿದ್ದಾರೆ. ಅಡುಗೆಯ ಹೊಗೆ ಮಲೇರಿಯಾದಿಂದ ಕಾಪಾಡುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಸೊಳ್ಳೆಪರದೆ ಸಾಕು.

ಬಿಸಿಲಿರುವ ತಿಂಗಳುಗಳಲ್ಲಿ ಹಂಡೆಯ ಕೆಲಸವನ್ನು ಮಾಡಿನ ಮೇಲಿನ ಸೋಲಾರ್ ಹೀಟರ್‌ಗೆ ಬಿಟ್ಟು, ಆಟಿ-ಆಷಾಢದ ಮಳೆಯಲ್ಲಷ್ಟೇ ಸೌದೆ ಉರಿಸುವುದು ಮಲೆನಾಡಿಗೆ ಹೊಂದುವ ದಾರಿ. ಹೊಸದಾಗಿ ಕಟ್ಟಿಸುವವರು ಒಲೆಯ ಬಾಯಿಯನ್ನು ಬಚ್ಚಲಿನ ಹೊರಗೋಡೆಗೆ ಇಡಿಸಿ. ಸೌದೆ ಹೊರಗಿನಿಂದ ಹಾಕಬಹುದು, ಸ್ನಾನ ಮಾಡುವವರ ಮೂಗಿಗೆ ಹೊಗೆ ಹತ್ತುವುದಿಲ್ಲ. ಬಾಯಿ ಒಳಗೇ ಇದ್ದರೆ ಕಿಟಕಿ ತೆರೆದಿರಲಿ. ಉರಿ ಆರಿ ಹೊಗೆ ನಿಂತ ಮೇಲೂ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ, ಹಾಗಾಗಿ ಮುಚ್ಚಿದ ಬಚ್ಚಲಲ್ಲಿ ಹೆಚ್ಚು ಹೊತ್ತು ಇರಬೇಡಿ. ಚಳಿಗೆಂದು ಕೆಂಡದ ಬಾಣಲೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುವುದು ಪ್ರಾಣಕ್ಕೇ ಅಪಾಯ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೊದಲು ಹೊರಗಿನ ಗಾಳಿಗೆ ಬಂದು, ಆಮೇಲೆ ಆಸ್ಪತ್ರೆಗೆ ಹೋಗಬೇಕು.